ಹಿಂದಿನ ಗಾಲಿಯ ಮೇಲೆ ಕೂತವರು

ಗಾಲಿಯ ಶೋಧ ಮಾನವನ ಚರಿತ್ರೆಯಲ್ಲಿ ಬಹು ದೊಡ್ಡ ಘಟನೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಮೂವತ್ತು ವರ್ಷಗಳಿಂದ ನಾನೂ ಮಕ್ಕಳಿಗೆ ಅದನ್ನೇ ಹೇಳುತ್ತ ಬಂದಿದ್ದೇನೆ. ಹರಪ್ಪದ ಮಣ್ಣಿನ ಆಟಿಕೆ ಬಂಡಿ, ಕೋನಾರ್ಕದ ಸೂರ್ಯರಥ, ಹಂಪಿಯ ಕಲ್ಲಿನ ರಥ, ಇವುಗಳ ಚಿತ್ರ ತೋರಿಸಿದಾಗ ಮಕ್ಕಳ ಕಣ್ಣು ಅರಳುತ್ತವೆ. ಆದರೆ ಗಾಲಿ ಉರುಳುವಾಗ ಆಗುವ ಕುಲುಕಾಟದ ಬಗ್ಗೆ ನಾನು ಕಲಿಸಿದ ಯಾವ ಪುಸ್ತಕದಲ್ಲೂ ಒಂದು ಸಾಲು ಇರಲಿಲ್ಲ. ದಾರಿಯ ಮೇಲಿನ ಕಲ್ಲಿಗೆ ಗಾಲಿ ಬಡಿದಾಗ ಆ ಪೆಟ್ಟು ಎಲ್ಲಿಗೆ ಹೋಗುತ್ತದೆ? ಗಾಲಿಯಿಂದ ಅಚ್ಚಿಗೆ, ಅಚ್ಚಿನಿಂದ ಹಲಗೆಗೆ, ಹಲಗೆಯಿಂದ ಅದರ ಮೇಲೆ ಕೂತವರ ಟೊಂಕಕ್ಕೆ. ಗಾಲಿ ಕಂಡುಹಿಡಿದವನಿಗೆ ಚರಿತ್ರೆಯಲ್ಲಿ ಜಾಗ ಸಿಕ್ಕಿತು. ಪೆಟ್ಟು ತಿಂದ ಟೊಂಕಕ್ಕೆ ಸಿಗಲಿಲ್ಲ.

ಈ ಟೊಂಕದ ಚರಿತ್ರೆಯನ್ನೇ ಇಲ್ಲಿ ಸ್ವಲ್ಪ ಬರೆಯಬೇಕೆಂದಿದ್ದೇನೆ. ಅದನ್ನು ಬರೆಯಲು ನಮ್ಮ ಸೀಮೆಗಿಂತ ಒಳ್ಳೆಯ ಜಾಗ ಬೇಕೇ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಕೃಷ್ಣೆ, ದೂಧಗಂಗಾ, ವೇದಗಂಗೆಯರ ನೀರು ಕುಡಿದ ಎರಿ ನೆಲ. ಕಬ್ಬಿಗೂ ತಂಬಾಕಿಗೂ ಇದು ತಾಯಿಯಂಥ ಮಣ್ಣು, ಗಾಲಿಗೆ ಮಾತ್ರ ಮಲತಾಯಿ. ಮಳೆಗಾಲದಲ್ಲಿ ಮೆತ್ತಿಕೊಂಡು ಗಾಲಿಯನ್ನು ಬಿಡುವುದೇ ಇಲ್ಲ. ಬೇಸಿಗೆ ಬಂತೆಂದರೆ ಮಳೆಗಾಲದ ಗಾಡಿಜಾಡೆಲ್ಲ ಒಣಗಿ ಕಲ್ಲಾಗುತ್ತದೆ. ಅಥಣಿಯ ಚಪ್ಪಲಿ ಇಷ್ಟು ಹೆಸರಾದದ್ದು ಸುಮ್ಮನೆ ಅಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕುಲುಕಾಟದ ಗಾಡಿಗಿಂತ ಗಟ್ಟಿ ಚಪ್ಪಲಿ ಮೆಟ್ಟಿ ನಡೆಯುವುದೇ ಸುಖ ಎಂದುಕೊಂಡವರು ನಮ್ಮ ಹಿರಿಯರಲ್ಲಿ ಬಹಳ ಮಂದಿ ಇದ್ದರು.

ಆದರೆ ಎಲ್ಲರೂ ಎಲ್ಲ ಸಲವೂ ನಡೆಯಲು ಆಗುತ್ತದೆಯೇ? ಬಸುರಿ, ಬಾಣಂತಿ, ಮುದುಕಿ, ಕಂಕುಳಲ್ಲಿ ಕೂಸು ಇದ್ದವಳು ಚಕ್ಕಡಿ ಹತ್ತಲೇಬೇಕಿತ್ತು. ಕಬ್ಬಿಣದ ಪಟ್ಟಿ ಕಟ್ಟಿದ ಕಟ್ಟಿಗೆಯ ಗಾಲಿಯ ಚಕ್ಕಡಿಗೆ ಸ್ಪ್ರಿಂಗು ಎಂಬುದು ಇರಲಿಲ್ಲ. ಹೊಡೆಯುವವನು ಮುಂದೆ ನೊಗದ ಹತ್ತಿರ ಕೂಡುತ್ತಿದ್ದ. ತಗ್ಗು ಬರುವುದು ಅವನಿಗೆ ಕಾಣುತ್ತಿತ್ತು, ಮೈ ಬಿಗಿ ಹಿಡಿಯುತ್ತಿದ್ದ, ಬೇಕಾದರೆ ಇಳಿದು ನಡೆಯುತ್ತಿದ್ದ. ಹಿಂದೆ ಕೂತ ಹೆಣ್ಣುಮಕ್ಕಳಿಗೆ ತಗ್ಗು ಬಂದದ್ದು ಗೊತ್ತಾಗುತ್ತಿದ್ದದ್ದು ಬೆನ್ನಿಗೆ ಬಡಿದ ಮೇಲೆಯೇ.

ಹಾಗೆಂದು ಅವರು ಸುಮ್ಮನೆ ಕೂಡಲಿಲ್ಲ. ಚಿಂಚಲಿ ಮಾಯಕ್ಕನ ಮಾಘಮಾಸದ ಜಾತ್ರೆಗೆ ಹೊರಟ ಚಕ್ಕಡಿಗಳನ್ನು ನೆನಪಿಸಿಕೊಳ್ಳಿ. ಕೆಳಗೆ ಜೋಳದ ಕಣಿಕಿ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ನಾಲ್ಕು ಮಡಿಕೆಯ ಕೌದಿ. ಹರಿದ ಸೀರೆ, ಹಳೆಯ ಧೋತರ, ಕೂಸಿನ ಅಂಗಿ ಎಲ್ಲವನ್ನೂ ಪದರು ಪದರಾಗಿ ಹಾಸಿ, ಮಧ್ಯಾಹ್ನದ ಬಿಡುವಿನಲ್ಲಿ ಸಾಲು ಹೊಲಿಗೆ ಹಾಕಿ ಮಾಡಿದ ಕೌದಿ. ಗಾಡಿ ಮಾಡಿದ ಬಡಿಗ ಯೋಚಿಸದ ಸುಖವನ್ನು ಗಾಡಿಯಲ್ಲಿ ಕೂಡುವವರೇ ಸೂಜಿ ದಾರ ಹಿಡಿದು ಮಾಡಿಕೊಂಡಿದ್ದರು. ನಮ್ಮ ಸೀಮೆಯ ಮೊದಲನೆಯ ‘ಶಾಕಪ್’ ಕೌದಿಯೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಗ್ಯಾರೇಜಿನವರ ಬಾಯಲ್ಲಿ ಶಾಕಪ್ ಎಂದರೆ ಶಾಕ್ ಅಬ್ಸಾರ್ಬರ್, ಅಂದರೆ ಪೆಟ್ಟು ನುಂಗುವ ಸಾಧನ.

ಪೆಟ್ಟು ನುಂಗಿಸುವ ಚಿಂತೆ ದೊಡ್ಡವರ ಗಾಡಿಗಳಲ್ಲಿ ಮೊದಲು ಶುರುವಾಯಿತು. 1804ರಲ್ಲಿ ಇಂಗ್ಲೆಂಡಿನ ಒಬಾಡಿಯಾ ಎಲಿಯಟ್ ಎಂಬ ಸಾರೋಟು ತಯಾರಕ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಸಾರೋಟಿನ ಕೆಳಗೆ ಕೂಡಿಸಿದ. ನಾವು ಟಾಂಗಾದ ಕೆಳಗೆ, ಲಾರಿಯ ಕೆಳಗೆ ನೋಡುವ ‘ಪಾಟಾ’ ಇದರದೇ ವಂಶ. ಸೈಕಲ್ಲಿನ ಕಥೆ ಬೇರೆ. 1860ರ ದಶಕದಲ್ಲಿ ಪ್ಯಾರಿಸ್ಸಿನ ಮಿಶೋ ಕುಟುಂಬದ ಕಾರ್ಖಾನೆ ಪೆಡಲ್ ಇದ್ದ ಗಾಡಿಗಳನ್ನು ಮಾಡಿ ಮಾರಿತು. ಅವುಗಳಿಗೂ ನಮ್ಮ ಚಕ್ಕಡಿಯಂತೆ ಕಬ್ಬಿಣದ ಪಟ್ಟಿ ಹಾಕಿದ ಕಟ್ಟಿಗೆಯ ಗಾಲಿ. ಕಲ್ಲು ಹಾಸಿದ ರಸ್ತೆಯ ಮೇಲೆ ಅದನ್ನು ಓಡಿಸಿ ಮೈ ನುಜ್ಜಾದ ಇಂಗ್ಲಿಷರು ಅದಕ್ಕೆ ಎಲುಬು ಅಲುಗಿಸುವ ಗಾಡಿ ಎಂದೇ ಹೆಸರಿಟ್ಟರು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿ ಹೆಚ್ಚುಕಡಿಮೆ ಸಮನಾದ, ಹಿಂದಿನ ಗಾಲಿಗೆ ಸರಪಳಿ ಇದ್ದ ‘ರೋವರ್’ ಸೈಕಲ್ ಮಾಡಿದ. ಇಂದಿಗೂ ನಮ್ಮ ಅಂಗಳದಲ್ಲಿ ನಿಲ್ಲುವ ಸೈಕಲ್ಲಿನ ಮೂಲರೂಪ ಅದು. ಅದೇ 1885ರಲ್ಲಿ ಲಂಡನ್ನಿನ ಲಿನ್ಲಿ ಮತ್ತು ಬಿಗ್ಸ್ ಎಂಬವರು ಚೌಕಟ್ಟಿನಲ್ಲೇ ಸ್ಪ್ರಿಂಗು ಇದ್ದ ‘ವಿಪೆಟ್’ ಎಂಬ ಸೈಕಲ್ ತಂದರು. ಕೂಡುವ ಸೀಟು, ಹಿಡಿಯುವ ಹ್ಯಾಂಡಲ್, ತುಳಿಯುವ ಪೆಡಲ್ ಮೂರೂ ಒಂದೇ ಕಟ್ಟಿನಲ್ಲಿ ಸ್ಪ್ರಿಂಗಿನ ಆಸರೆಗೆ ಇರುವಂತೆ ಅದನ್ನು ರಚಿಸಿದ್ದರು. ಗಾಲಿ ಎಷ್ಟು ಕುಣಿದರೂ ಸವಾರನ ಮೈಗೆ ಅದು ಕಡಿಮೆ ತಟ್ಟಬೇಕು ಎಂಬ ವಿಚಾರ.

ಆದರೆ ವಿಪೆಟ್ ಬಹಳ ಕಾಲ ಬಾಳಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್ ಊರಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ರಬ್ಬರಿನ ಕೊಳವೆ ಸುತ್ತಿ ಗಾಳಿ ತುಂಬಿದ. ಇಂಥ ಗಾಳಿಯ ಟೈರಿಗೆ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬರದೆ ಮರೆತು ಹೋಗಿತ್ತು. ಡನ್ಲಪ್ಪನ ಟೈರು ಮಾತ್ರ ಕೆಲವೇ ವರ್ಷಗಳಲ್ಲಿ ಜಗತ್ತನ್ನು ಸುತ್ತಿತು. ನಮ್ಮ ಕಡೆ ಟೈರು ಹಾಕಿದ ಎತ್ತಿನ ಗಾಡಿಗೆ ಇಂದಿಗೂ ‘ಡನ್ಲಪ್ ಗಾಡಿ’ ಎನ್ನುವವರಿದ್ದಾರೆ. ಗಾಳಿಯೇ ಪೆಟ್ಟು ನುಂಗುತ್ತದೆ ಎಂದ ಮೇಲೆ ಭಾರದ, ದುಬಾರಿ ಸ್ಪ್ರಿಂಗು ಯಾರಿಗೆ ಬೇಕು? ಹೀಗೆ ಸೈಕಲ್ಲಿನ ಹಿಂದಿನ ಗಾಲಿಗೆ ಬಂದಿದ್ದ ಸ್ಪ್ರಿಂಗು ಬಂದಷ್ಟೇ ಬೇಗ ಹೋಯಿತು.

ಅದೇ 1888ರಲ್ಲಿ ನಮ್ಮ ಬೆಳಗಾವಿಯಲ್ಲೂ ಒಂದು ಘಟನೆ ನಡೆಯಿತು. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ತಮ್ಮ ಅಣ್ಣನೊಂದಿಗೆ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಕಬ್ಬಿಣದ ನೇಗಿಲು, ಪಂಪು, ಎಂಜಿನ್ನುಗಳಿಂದ ದೇಶಕ್ಕೆಲ್ಲ ಗೊತ್ತಾದ ಉದ್ಯಮದ ಮೊದಲ ಮೆಟ್ಟಿಲು ಆ ಸೈಕಲ್ ಅಂಗಡಿ. 1910ರಲ್ಲಿ ಆ ಕುಟುಂಬ ಔಂಧ ಸಂಸ್ಥಾನದ ಬರಡು ನೆಲಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿತು. ಇಂದು ಅದು ಸಾಂಗಲಿ ಜಿಲ್ಲೆಯಲ್ಲಿ, ನಮ್ಮ ಕಾಗವಾಡದ ಆಚೆ ಬದಿಗೆ ಇದೆ. ಅಲ್ಲಿಂದಲೇ 1930ರಲ್ಲಿ ‘ಸ್ತ್ರೀ’ ಎಂಬ ಮರಾಠಿ ಮಾಸಪತ್ರಿಕೆ ಹೊರಟಿತು. ಕನ್ನಡ ಮರಾಠಿ ಎರಡೂ ಬಲ್ಲ ನಮ್ಮ ಗಡಿಭಾಗದ ಹೆಣ್ಣುಮಕ್ಕಳಿಗೆ ಇದರ ಹೆಸರು ಹೊಸದಲ್ಲ. ಸೈಕಲ್ ಮಾರಿದ ಮನೆತನ ಹೆಣ್ಣುಮಕ್ಕಳ ಪತ್ರಿಕೆಯನ್ನೂ ತಂದಿತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಎರಡೂ ಮನೆಯಿಂದ ಹೊರಗೆ ಕರೆದೊಯ್ಯುವ ವಾಹನಗಳೇ ಅಲ್ಲವೇ?

ಪತ್ರಿಕೆಯೇನೋ ಹೆಣ್ಣಿನ ಕೈಗೆ ಬಂತು. ಸೈಕಲ್ ಬರಲು ತಡವಾಯಿತು. ನಮ್ಮ ಹಳ್ಳಿಗಳಿಗೆ ಸೈಕಲ್ ಬಂದದ್ದು ಗಂಡಸರ ಸವಾರಿಯಾಗಿ. ಶಾಲೆಯ ಮಾಸ್ತರರು, ಅಂಚೆಯವರು, ಹಾಲು ಹಾಕುವವರು, ಕೈಯಲ್ಲಿ ನಾಲ್ಕು ಕಾಸು ಆಡುವ ತಂಬಾಕಿನ ವ್ಯಾಪಾರಿಗಳು, ಇವರದು ಸೈಕಲ್. ಅವರ ಹೆಂಡಂದಿರದು ಕ್ಯಾರಿಯರ್. ನಮ್ಮ ತಂದೆ ಪ್ರಾಥಮಿಕ ಶಾಲೆಯ ಶಿಕ್ಷಕರು. ರಾಯಬಾಗ ತಾಲೂಕಿನ ಹಳ್ಳಿ ಹಳ್ಳಿಗೆ ವರ್ಗವಾಗುತ್ತಿತ್ತು. ಅವರ ಕರಿಯ ಸೈಕಲ್ಲಿನ ಹಿಂದೆ ಇಪ್ಪತ್ತು ವರ್ಷ ನಮ್ಮವ್ವ ಕೂತಳು. ಹೊಟ್ಟೆಯಲ್ಲಿ ನಾನಿದ್ದಾಗ ಕೂತಳು, ನನ್ನ ತಮ್ಮ ಇದ್ದಾಗಲೂ ಕೂತಳು. ಆಸ್ಪತ್ರೆ, ಸಂತೆ, ತವರು, ಎಲ್ಲಕ್ಕೂ ಅದೇ ಕ್ಯಾರಿಯರ್. ಊರಲ್ಲಿ ಡಬಲ್ ಸೀಟ್ ಹೋದರೆ ಪೊಲೀಸರು ಹಿಡಿಯುತ್ತಿದ್ದ ಕಾಲ ಅದು. ಪೇಟೆ ಹತ್ತಿರ ಬರುತ್ತಲೇ ಅವ್ವ ಇಳಿದು ನಡೆಯಬೇಕು, ಅಪ್ಪ ಸೈಕಲ್ ತಳ್ಳಿಕೊಂಡು ಮುಂದೆ ಹೋಗಬೇಕು.

ಆ ಸೈಕಲ್ಲನ್ನು ನೀವು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಸವಾರನ ಸೀಟು ಚರ್ಮದ್ದು. ಅದರ ಕೆಳಗೆ ದಪ್ಪನೆಯ ಸುರುಳಿ ಸ್ಪ್ರಿಂಗುಗಳು. ಹಿಂದಿನ ಕ್ಯಾರಿಯರ್ ಕಬ್ಬಿಣದ ಸರಳಿನದು. ಅದಕ್ಕೂ ಒಂದು ಸ್ಪ್ರಿಂಗು ಇತ್ತು. ಯಾವುದಕ್ಕೆ? ಹೇರಿದ ಸಾಮಾನು ಬೀಳದಂತೆ ಮೇಲಿನಿಂದ ಒತ್ತಿ ಹಿಡಿಯುವುದಕ್ಕೆ. ಸವಾರನ ಸ್ಪ್ರಿಂಗು ಅವನ ಸುಖಕ್ಕೆ, ಕ್ಯಾರಿಯರಿನ ಸ್ಪ್ರಿಂಗು ಹೊರೆಯನ್ನು ಬಿಗಿಯುವುದಕ್ಕೆ. ಸೈಕಲ್ ಮಾಡಿದವರು ಕ್ಯಾರಿಯರನ್ನು ಹೊರೆಗೆಂದು ಮಾಡಿದ್ದರು, ನಿಜ. ಆದರೆ ಅದರ ಮೇಲೆ ಕೂತದ್ದು ನಮ್ಮ ತಾಯಂದಿರು.

ಇದರಲ್ಲಿ ಇನ್ನೂ ಒಂದು ಮಾತಿದೆ. ಸೈಕಲ್ಲಿನ ಮೇಲೆ ಕೂತವರ ಭಾರ ಹೆಚ್ಚಿನ ಪಾಲು ಬೀಳುವುದು ಹಿಂದಿನ ಗಾಲಿಯ ಮೇಲೆ. ಸವಾರ ಎರಡು ಗಾಲಿಗಳ ನಡುವೆ ಕೂಡುತ್ತಾನೆ, ಹಾಗಾಗಿ ಒಂದು ಗಾಲಿ ಎದ್ದು ಬಿದ್ದರೆ ಅವನಿಗೆ ಅದರ ಒಂದು ಪಾಲು ಮಾತ್ರ ತಟ್ಟುತ್ತದೆ. ತಗ್ಗು ಕಂಡರೆ ಪೆಡಲ್ ಮೇಲೆ ಎದ್ದು ನಿಲ್ಲುತ್ತಾನೆ, ಅವನ ಮೊಣಕಾಲೇ ಅವನಿಗೆ ಸ್ಪ್ರಿಂಗು. ಕ್ಯಾರಿಯರ್ ಇರುವುದು ಸರಿಯಾಗಿ ಹಿಂದಿನ ಅಚ್ಚಿನ ನೆತ್ತಿಯ ಮೇಲೆ. ಗಾಲಿ ಎದ್ದಷ್ಟೂ ಅದು ಏಳುತ್ತದೆ, ಬಿದ್ದಷ್ಟೂ ಬೀಳುತ್ತದೆ. ಒಂದು ಬದಿಗೆ ಕಾಲು ಇಳಿಬಿಟ್ಟು, ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಸೀಟಿನ ಕೆಳಗಿನ ಸ್ಪ್ರಿಂಗು ಹಿಡಿದು ಕೂತವಳು ಏಳುವುದೆಲ್ಲಿ, ನಿಲ್ಲುವುದೆಲ್ಲಿ? ಅವಳಿಗೆ ದಾರಿಯೂ ಕಾಣುವುದಿಲ್ಲ. ಕಾಣುವುದು ಗಂಡನ ಬೆನ್ನು. ನಮ್ಮ ಅಜ್ಜಿ ಕ್ಯಾರಿಯರಿನ ಮೇಲೆ ಕೌದಿಯ ತುಂಡು ಮಡಿಚಿ ಹಗ್ಗದಿಂದ ಕಟ್ಟಿ ಕೊಡುತ್ತಿದ್ದಳು. ಚಕ್ಕಡಿಯ ಉಪಾಯ ಸೈಕಲ್ಲಿಗೂ ಬಂತು. ಅಷ್ಟಾದರೂ ಅವ್ವನ ಟೊಂಕ ನೋವು ನಲವತ್ತರಲ್ಲೇ ಶುರುವಾಯಿತು. ಹೊಲದ ಕೆಲಸ, ನೀರಿನ ಕೊಡ, ಒಲೆಯ ಮುಂದಿನ ಕೂಡಿಕೆ ಎಲ್ಲ ಸೇರಿದ ನೋವು ಅದು, ಕ್ಯಾರಿಯರ್ ಒಂದನ್ನೇ ದೂರುವುದು ನ್ಯಾಯವಲ್ಲ. ಆದರೆ ಅವಳ ಲೆಕ್ಕದಲ್ಲಿ ಅದೂ ಇತ್ತು.

ಮೋಟಾರು ಸೈಕಲ್ಲುಗಳ ಚರಿತ್ರೆಯನ್ನು ನೋಡಿದರೂ ಇದೇ ಕ್ರಮ ಕಾಣುತ್ತದೆ. ಮುಂದಿನ ಗಾಲಿಗೆ, ಅಂದರೆ ಸವಾರನ ಕೈಗೆ ತಾಗುವ ಕಡೆಗೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಸ್ಪ್ರಿಂಗು ಬಂತು. ಹಿಂದಿನ ಗಾಲಿಗೆ ಅಲ್ಲೊಂದು ಇಲ್ಲೊಂದು ಪ್ರಯತ್ನ ನಡೆದರೂ ಅದು ಸಾಮಾನ್ಯವಾದದ್ದು ಎರಡನೆಯ ಮಹಾಯುದ್ಧದ ನಂತರ. ಹಿಂದಿನ ಗಾಲಿ ಪ್ರತ್ಯೇಕ ತೋಳಿನ ಮೇಲೆ ಮೇಲೆ ಕೆಳಗೆ ಆಡುವಂತೆ ಮಾಡಿ, ಅದಕ್ಕೆ ಎರಡು ಶಾಕಪ್ ಕೂಡಿಸಿದ ಎನ್‌ಫೀಲ್ಡ್ ಬುಲೆಟ್ ಅಂಥ ಹೊಸ ಕಾಲದ ಗಾಡಿ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾದ ಮೇಲೆ ಅದು ನಮ್ಮದೇ ಗಾಡಿಯಾಯಿತು. ಹಿಂದೆ ಕೂತವರ ಹೆಸರು ಕಾನೂನಿನ ಪುಸ್ತಕದಲ್ಲೂ ಕಾಣಿಸಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದ ಪ್ರಕಾರ ಮೋಟಾರು ಸೈಕಲ್ಲಿನ ಹಿಂದೆ ಕೂಡುವವರಿಗೆ ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು, ಬಟ್ಟೆ ಗಾಲಿಗೆ ಸಿಕ್ಕದಂತೆ ಗಾಲಿಯ ಅರ್ಧದಷ್ಟಾದರೂ ಮರೆ ಇರಬೇಕು. ನಾವು ಸೀರೆಗಾರ್ಡು ಎನ್ನುತ್ತೇವಲ್ಲ, ಅದೇ ಇದು. ಎಷ್ಟು ಸೆರಗು, ಎಷ್ಟು ಓಢಣಿ ಗಾಲಿಗೆ ಸಿಕ್ಕ ಮೇಲೆ ಈ ನಾಲ್ಕು ಸಾಲು ಹುಟ್ಟಿತೋ!

ಇತ್ತ ಸೈಕಲ್ಲಿನ ಹಿಂದಿನ ಗಾಲಿ ಸ್ಪ್ರಿಂಗಿಗಾಗಿ ಕಾಯುತ್ತಲೇ ಇತ್ತು. 1962ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಚಿಕ್ಕ ಗಾಲಿಯ ಒಂದು ಸೈಕಲ್ ತಂದರು. ಅದಕ್ಕೆ ಮುಂದೆಯೂ ಹಿಂದೆಯೂ ಪೆಟ್ಟು ನುಂಗುವ ಏರ್ಪಾಟಿತ್ತು, ನಡುವಿನ ಅಡ್ಡಕೊಳವೆ ಇರಲಿಲ್ಲ, ಗಂಡು ಹೆಣ್ಣು ಇಬ್ಬರೂ ಸುಲಭವಾಗಿ ಹತ್ತಬಹುದಾಗಿತ್ತು. ಆಮೇಲೆ 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯ ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮೇಲಿನಿಂದ ಇಳಿಸುವ ಆಟ ಕಟ್ಟಿದರು. 1976ರಲ್ಲಿ ಅದು ಪಂದ್ಯವೂ ಆಯಿತು. ಅಲ್ಲಿಂದ ಹುಟ್ಟಿದ್ದು ಮೌಂಟನ್ ಬೈಕ್, ಅಂದರೆ ಗುಡ್ಡದ ಸೈಕಲ್. ಇದರಲ್ಲೂ ಮೊದಲು ಸ್ಪ್ರಿಂಗು ಬಂದದ್ದು ಮುಂದಿನ ಗಾಲಿಗೇ. 1989ರಲ್ಲಿ ಆರಂಭವಾದ ರಾಕ್‌ಶಾಕ್ಸ್ ಕಂಪನಿಯ ಮುಂದಿನ ಫೋರ್ಕು ಹೆಸರು ಮಾಡಿದ ಮೇಲೆ 1990ರ ದಶಕದಲ್ಲಿ ಹಿಂದಿನ ಶಾಕಪ್ಪು ಬೆಳೆಯಿತು. 1993ರಲ್ಲಿ ಜಪಾನಿನ ಯಮಾಹಾ ಕಂಪನಿ, ತುಳಿಯುವ ಕಾಲಿಗೆ ಮೋಟಾರಿನ ಸಹಾಯ ಕೊಡುವ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ಗುಡ್ಡದ ಸೈಕಲ್ಲಿಗೆ ಈ ಮೋಟಾರು, ಬ್ಯಾಟರಿ ಸೇರಿದ್ದೇ ಇಂದಿನ ವಿದ್ಯುತ್ ಮೌಂಟನ್ ಬೈಕು.

ಅಂಥ ಒಂದು ಸೈಕಲ್ಲನ್ನು ನನ್ನ ತಮ್ಮನ ಮಗ ಪುಣೆಯಿಂದ ತಂದಿದ್ದಾನೆ. ಅವನು ಅಲ್ಲಿ ಕೆಲಸದಲ್ಲಿದ್ದಾನೆ, ರಜೆ ಬಂದರೆ ಸಹ್ಯಾದ್ರಿಯ ಗುಡ್ಡ ಹತ್ತುತ್ತಾನೆ. ಹೋದ ದೀಪಾವಳಿಗೆ ಬಂದಾಗ ಅದಕ್ಕೆ ಹೊಸ ಶಾಕಪ್ ಕೂಡಿಸಲು ನಿಪ್ಪಾಣಿಯಲ್ಲಿ ಗೆಳೆಯನ ಗ್ಯಾರೇಜಿಗೆ ಹೊರಟ. ಚರಿತ್ರೆಯ ಮೇಷ್ಟ್ರಿಗೆ ಎಲ್ಲದರಲ್ಲೂ ಕುತೂಹಲ, ನಾನೂ ಹೋದೆ. ಅವ್ವನಿಗೆ ಡಾಕ್ಟರಿಗೆ ತೋರಿಸುವುದಿತ್ತು, ಅವಳನ್ನೂ ಕರೆದುಕೊಂಡು ಹೋದೆವು.

“ಇದ್ದ ಶಾಕಪ್ಪಿಗೆ ಏನ ಆಗಿತ್ತೋ?” ಎಂದು ಕೇಳಿದೆ.

“ಸೈಕಲ್ ಭಾಳ ವಜ್ಜಿ ಐತಿ ಅತ್ತಿ. ಮೋಟಾರ, ಬ್ಯಾಟರಿ ಸೇರಿ ಇಪ್ಪತ್ತನಾಕು ಕಿಲೋ. ಮ್ಯಾಲ ನಾ ಒಬ್ಬ. ದೊಡ್ಡ ತಗ್ಗಿನ್ಯಾಗ ಬಿದ್ರ ಡಬ್ ಅಂತ ತಳಕ್ಕ ಬಡೀತೈತಿ” ಎಂದ.

ಬೆಲೆ ಕೇಳಿ ಅವ್ವ ಹೌಹಾರಿದಳು. “ಅಷ್ಟ ರೊಕ್ಕದಾಗ ಅರ್ಧ ಎಮ್ಮಿ ಬರತಿತ್ತಲ್ಲೋ!”

ಕೆಲಸ ನೋಡಲು ಚೆನ್ನಾಗಿತ್ತು. ಮೊದಲು ಬ್ಯಾಟರಿ ಕಳಚಿ ಬದಿಗಿಟ್ಟರು. ಸೈಕಲ್ಲನ್ನು ಹಿಂದಿನ ಗಾಲಿಯ ಮೇಲೆ ಭಾರ ಬೀಳದಂತೆ ಸ್ಟ್ಯಾಂಡಿಗೆ ಏರಿಸಿದರು. ಹಳೆಯ ಶಾಕಪ್ಪಿನ ಗಾಳಿ ಬಿಟ್ಟು, ಎರಡು ತುದಿಯ ಬೋಲ್ಟು ಬಿಚ್ಚಿ ತೆಗೆದರು. ಅದು ಗೇಣುದ್ದದ ಕೊಳವೆ, ಎರಡು ತುದಿಗೂ ಕಣ್ಣಿನಂಥ ತೂತು. ಹೊಸದನ್ನು ಪಕ್ಕದಲ್ಲಿಟ್ಟು ಅಳೆದರು. ಕಣ್ಣಿನಿಂದ ಕಣ್ಣಿಗೆ 210 ಮಿಲಿಮೀಟರ್, ಒಳಗೆ ಸರಿಯುವ ಉದ್ದ 50 ಮಿಲಿಮೀಟರ್. ಎರಡೂ ಹಳೆಯದರಂತೆಯೇ ಇರಬೇಕಂತೆ. ಉದ್ದ ಬೇರೆಯಾದರೆ ಸೈಕಲ್ಲಿನ ನಿಲುವೇ ಬದಲಾಗುತ್ತದೆ. ಸರಿಯುವ ಅಂತರ ಹೆಚ್ಚಾದರೆ ಗಾಲಿ ಮೇಲೆದ್ದು ಚೌಕಟ್ಟಿಗೇ ಬಡಿಯಬಹುದು. ಹೊಸದರ ಬೆನ್ನಿಗೆ ಒಂದು ಚಿಕ್ಕ ಡಬ್ಬಿ ಅಂಟಿಕೊಂಡಿತ್ತು, ಕೂಸನ್ನು ಕಟ್ಟಿಕೊಂಡ ಕಟ್ಟಡ ಕೆಲಸದ ಹೆಣ್ಣುಮಗಳ ಹಾಗೆ. ಅದರಲ್ಲಿ ಹೆಚ್ಚಿನ ಎಣ್ಣೆಗೆ ಜಾಗವಿದೆ ಎಂದರು.

ಎಣ್ಣೆ ಯಾಕೆ ಎಂದು ಕೇಳಿದೆ. ಗ್ಯಾರೇಜಿನ ಹುಡುಗ ಚಂದಾಗಿ ಹೇಳಿದ. “ಅಕ್ಕೋರ, ಬರೇ ಸ್ಪ್ರಿಂಗ ಇದ್ರ ಒಮ್ಮೆ ಒತ್ತಿ ಬಿಟ್ರ ಕುಣಕೋತ ಇರತೈತಿ, ನಿಲ್ಲಂಗಿಲ್ಲ. ಎಣ್ಣಿ ಸಣ್ಣ ತೂತನ್ಯಾಗ ಹಾಸಿ ಹೋಗಬೇಕು. ಅದು ತಡೀತೈತಿ.” ಪೆಟ್ಟನ್ನು ಸ್ಪ್ರಿಂಗು ಹಿಡಿದುಕೊಳ್ಳುತ್ತದೆ, ಎಣ್ಣೆ ಅದನ್ನು ಶಾಖವಾಗಿ ಕರಗಿಸುತ್ತದೆ. ಈ ಶಾಕಪ್ಪಿನಲ್ಲಿ ಸ್ಪ್ರಿಂಗಿನ ಕೆಲಸವನ್ನು ಉಕ್ಕಿನ ಬದಲು ಒತ್ತಿ ತುಂಬಿದ ಗಾಳಿ ಮಾಡುತ್ತದೆ. ಡನ್ಲಪ್ಪನ ಗಾಳಿಯೇ ಟೈರಿನಿಂದ ಎದ್ದು ಕೊಳವೆಗೆ ಬಂದಂತಾಯಿತು.

ಹೊಸದನ್ನು ಕೂಡಿಸಿ, ಬೋಲ್ಟನ್ನು ಕಂಪನಿ ಹೇಳಿದ ಲೆಕ್ಕಕ್ಕೇ ಬಿಗಿಯುವ ಪಾನಾದಿಂದ ಬಿಗಿದರು. ಚಿಕ್ಕ ಪಂಪಿನಿಂದ ಗಾಳಿ ತುಂಬಿದರು. ಆಮೇಲೆ ತಮ್ಮನ ಮಗ ಮೆಲ್ಲಗೆ ಹತ್ತಿ ಕೂತ. ಕೊಳವೆಯ ಮೇಲಿದ್ದ ರಬ್ಬರಿನ ಉಂಗುರ ಅವನ ಭಾರಕ್ಕೆ ಎಷ್ಟು ಸರಿಯಿತೆಂದು ಪಟ್ಟಿ ಹಿಡಿದು ನೋಡಿದರು. ಸುಮ್ಮನೆ ಕೂತಾಗ 50 ಮಿಲಿಮೀಟರಿನಲ್ಲಿ 13ರಿಂದ 15ರಷ್ಟು ಒಳಗೆ ಹೋಗಬೇಕು, ಕಾಲು ಭಾಗಕ್ಕಿಂತ ತುಸು ಹೆಚ್ಚು. ಕಡಿಮೆ ಹೋದರೆ ಗಾಳಿ ಬಿಡಬೇಕು, ಹೆಚ್ಚು ಹೋದರೆ ತುಂಬಬೇಕು. ಕೊನೆಗೆ ಒಂದು ಗುಂಡಿ ತಿರುವಿ, ಒತ್ತಿದ ಶಾಕಪ್ಪು ಎಷ್ಟು ಬೇಗ ಮೇಲೇಳಬೇಕೆಂದು ಗೊತ್ತು ಮಾಡಿದರು. ಬಹಳ ಬೇಗ ಎದ್ದರೆ ಸವಾರನನ್ನು ಕುದುರೆಯ ಹಾಗೆ ಎತ್ತಿ ಒಗೆಯುತ್ತದೆ. ಬಹಳ ನಿಧಾನವಾದರೆ ಮುಂದಿನ ತಗ್ಗು ಬರುವಷ್ಟರಲ್ಲಿ ಏಳುವುದೇ ಇಲ್ಲ.

ಒಬ್ಬ ಮನುಷ್ಯನ ಬೆನ್ನಿಗಾಗಿ ಇಷ್ಟು ಲೆಕ್ಕ! ಅವನ ತೂಕ ಎಷ್ಟು, ಅವನು ಕೂತಾಗ ಎಷ್ಟು ಕುಸಿಯಬೇಕು, ಎಷ್ಟು ಬೇಗ ಏಳಬೇಕು. ನೋಡುತ್ತ ನಿಂತ ನನಗೆ ಸಂತೋಷವೂ ಆಯಿತು, ಒಳಗೆ ಎಲ್ಲೋ ಚುರುಕ್ಕೂ ಎಂದಿತು. ಅಷ್ಟರಲ್ಲಿ ಅವ್ವ ಬಗ್ಗಿ ಸೈಕಲ್ಲಿನ ಹಿಂಭಾಗ ಸವರಿ ನೋಡಿ ಕೇಳಿದಳು:

“ಎಲ್ಲಾ ಖರೆ. ಇದರಾಗ ಹಿಂದ ಕೂಡಾಕ ಜಾಗಾ ಎಲ್ಲೈತಿ?”

ಹುಡುಗರು ನಕ್ಕರು. “ಆಯಿ, ಇದಕ್ಕ ಕ್ಯಾರಿಯರ್ ಇರಂಗಿಲ್ಲ. ಒಬ್ಬರ ಸವಾರಿ.”

ಅವ್ವ ನಗಲಿಲ್ಲ. “ಹಂಗಾದ್ರ ಹೆಣ್ಣಮಕ್ಕಳು ತಾವ ಹೊಡೀಬೇಕಾಗತೈತಿ ಬಿಡು” ಎಂದಳು.

ಇಪ್ಪತ್ತು ವರ್ಷ ಕ್ಯಾರಿಯರ್ ಮೇಲೆ ಕೂತವಳ ಮಾತು. ಅದನ್ನು ನಾನು ಬಹಳ ದಿನ ಯೋಚಿಸಿದೆ. ಹಿಂದಿನ ಗಾಲಿಗೆ ಒಳ್ಳೆಯ ಶಾಕಪ್ ಬರುವಷ್ಟರಲ್ಲಿ ಹಿಂದೆ ಕೂಡುವ ಜಾಗವೇ ಹೋಗಿಬಿಟ್ಟಿದೆ. 1885ರ ವಿಪೆಟ್‌ನಿಂದ ಇಂದಿನವರೆಗೆ ಸೈಕಲ್ಲಿನ ಸ್ಪ್ರಿಂಗು ಸವಾರನ ಬೆನ್ನನ್ನೇ ಹುಡುಕಿಕೊಂಡು ಹೋಗಿದೆ. ಹಾಗಿದ್ದರೆ ಸುಖ ಬೇಕಾದವರು ಸವಾರರಾಗುವುದೇ ದಾರಿ. ಅವ್ವ ಒಂದು ಮಾತಿನಲ್ಲಿ ಹೇಳಿದ್ದು ಇದೇ.

ಈ ಬದಲಾವಣೆ ಈಗಾಗಲೇ ನಡೆದಿದೆ, ನಮ್ಮ ಕಣ್ಣೆದುರಿಗೇ ನಡೆದಿದೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು ಸೈಕಲ್ ಕಲಿತರು. ಅಕ್ಷರ ಕಲಿಯುವುದೂ ಸೈಕಲ್ ಕಲಿಯುವುದೂ ಅಲ್ಲಿ ಒಂದೇ ಪಾಠವಾಯಿತು. ನಮ್ಮ ಕರ್ನಾಟಕದಲ್ಲಿ 2006-07ರಲ್ಲಿ ಸರಕಾರ ಪ್ರೌಢಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರು ಮಾಡಿತು. ಆ ಸೈಕಲ್ಲುಗಳು ಬಂದ ದಿನ ನನ್ನ ಶಾಲೆಯ ಬಯಲು ಜಾತ್ರೆಯಂತಿತ್ತು. ಏಳನೆಯತ್ತೆ ಮುಗಿಸಿ ಮನೆಯಲ್ಲಿ ಕೂಡುತ್ತಿದ್ದ ಹುಡುಗಿಯರು ನಾಲ್ಕೈದು ಕಿಲೋಮೀಟರ್ ದೂರದ ಹಳ್ಳಿಗಳಿಂದ ಸಾಲಾಗಿ ಬರತೊಡಗಿದರು. ಸಾದಾ ಸೈಕಲ್, ಗೇರಿಲ್ಲ, ಮೋಟಾರಿಲ್ಲ, ಹಿಂದೆ ಶಾಕಪ್ ಇಲ್ಲ. ಆದರೆ ಸ್ಪ್ರಿಂಗಿನ ಸೀಟು ಅವರದು, ಹ್ಯಾಂಡಲ್ ಅವರದು. ತಗ್ಗು ಬಂದರೆ ಅವರಿಗೆ ಕಾಣುತ್ತಿತ್ತು. ಎದ್ದು ನಿಂತು ದಾಟಿಸುತ್ತಿದ್ದರು. ಕ್ಯಾರಿಯರ್ ಮೇಲೆ ಪಾಟೀಚೀಲ, ಕೆಲವೊಮ್ಮೆ ತಮ್ಮ. ಅಕ್ಕ ತುಳಿಯುವಾಗ ಹಿಂದೆ ಕೂತ ತಮ್ಮನನ್ನು ಮೊದಲ ಸಲ ನೋಡಿದಾಗ ನನಗೆ ಚರಿತ್ರೆಯ ಒಂದು ಪುಟ ತಿರುವಿದ ಸದ್ದು ಕೇಳಿದಂತಾಯಿತು.

ಬ್ಯಾಟರಿಯ ಸೈಕಲ್ ಇವರ ಮುಂದಿನ ಪಾಠವಾಗಬಹುದು. 250 ವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ಮೀರದ ಬ್ಯಾಟರಿ ಗಾಡಿಗೆ ನಮ್ಮ ದೇಶದಲ್ಲಿ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಗುಡ್ಡ ಇಳಿಯುವ ಆಟಕ್ಕೆ ಬೇಕಾದ ದುಬಾರಿ ಶಾಕಪ್ಪು ನಮಗೆ ಬೇಕಿಲ್ಲ. ಆದರೆ ಮನೆಮನೆಗೆ ತಿರುಗುವ ಆಶಾ ಕಾರ್ಯಕರ್ತೆ, ಅಂಗನವಾಡಿಯ ಬಾಯಿ, ದೂರದ ಶಾಲೆಯ ಅಕ್ಕೋರು, ಇವರ ತೂಕ, ಇವರ ದಾರಿ, ಇವರ ಬೆನ್ನು ಲೆಕ್ಕಕ್ಕೆ ಹಿಡಿದು ಯಾರಾದರೂ ಒಂದು ಸೈಕಲ್ ಮಾಡಿದರೆ ಅದು ವ್ಯರ್ಥವಾಗುವುದಿಲ್ಲ.

ಹಾಗೆಂದು ಹಿಂದೆ ಕೂತವರೆಲ್ಲ ಮುಂದೆ ಬಂದುಬಿಟ್ಟರೆಂದು ತಿಳಿಯಬಾರದು. ಕಬ್ಬಿನ ಹಂಗಾಮು ಶುರುವಾದಾಗ ಉಗಾರದ ಕಡೆ, ಚಿಕ್ಕೋಡಿಯ ಕಡೆ ದಾರಿಯಲ್ಲಿ ನಿಂತು ನೋಡಿ. ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಕ್ಕಳು ಕೂಸು ಕಟ್ಟಿಕೊಂಡು ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನಲ್ಲಿ ನಿಂತು ಹೋಗುತ್ತಿರುತ್ತಾರೆ. ಟ್ರ್ಯಾಕ್ಟರ್ ಹೊಡೆಯುವವನ ಸೀಟಿಗೆ ಸ್ಪ್ರಿಂಗು ಇರುತ್ತದೆ. ಅವರ ಕಾಲ ಕೆಳಗೆ ಇರುವುದು ತಗಡು. ಟ್ರ್ಯಾಕ್ಟರುಗಳೇ ಕೊರೆದ ಜಾಡಿನಲ್ಲಿ ಆ ತಗಡು ಕುಣಿಯುತ್ತದೆ. ಚಕ್ಕಡಿಯ ಹಿಂಭಾಗ ಇನ್ನೂ ಹೋಗಿಲ್ಲ, ಎತ್ತಿನ ಬದಲು ಎಂಜಿನ್ ಬಂದಿದೆ ಅಷ್ಟೇ.

ರಸ್ತೆ ನೋಡಲು ಬರುವ ಅಧಿಕಾರಿಗಳು ಜೀಪಿನ ಮುಂದಿನ ಸೀಟಿನಲ್ಲಿ ಕೂತು ಬರುತ್ತಾರೆ. ಅಲ್ಲಿಂದ ನೋಡಿದರೆ ಎಲ್ಲ ರಸ್ತೆಯೂ ಚೆನ್ನಾಗಿಯೇ ಕಾಣುತ್ತದೆ. ಒಂದು ರಸ್ತೆಯ ನಿಜವಾದ ಗುಣ ತಿಳಿಯಬೇಕಾದರೆ ಹಿಂದಿನ ಗಾಲಿಯ ಮೇಲೆ ಕೂತವರನ್ನು ಕೇಳಬೇಕು. ಒಂದು ಕಾಲದ ಗುಣ ತಿಳಿಯಬೇಕಾದರೂ ಅಷ್ಟೇ. ಈ ವರ್ಷ ಗಾಲಿಯ ಪಾಠ ಬಂದಾಗ ನಾನು ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟೆ: ನಿಮ್ಮ ಅಜ್ಜಿ ಯಾವ ಯಾವ ಗಾಡಿಯಲ್ಲಿ, ಎಲ್ಲಿ ಕೂತು ಪ್ರಯಾಣ ಮಾಡಿದ್ದಾಳೆ, ಕೇಳಿ ಬರೆದು ತನ್ನಿ. ನಲವತ್ತು ಮಕ್ಕಳು ಬರೆದು ತಂದರು. ಅದರಲ್ಲಿ ಮೂವತ್ತೇಳು ಅಜ್ಜಿಯರು ಹಿಂದೆ ಕೂತವರು. ಉಳಿದ ಮೂವರು ನಡೆದೇ ಹೋದವರು.